ಎಡಗಾಲಿಗೆ ರಜೆ

ಮುಕ್ಕಾಲು ಇಂಚು. ಕಾರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಅವನು ಮೂರನೆಯ ಸಲ ಟೇಪು ಹಿಡಿದು ನೋಡಿದ. ಮೂರನೆಯ ಸಲವೂ ಅಷ್ಟೇ ಇತ್ತು. ಗೇರುಪೆಟ್ಟಿಗೆಯಿಂದ ಹಿಂದಿನ ಗಾಲಿಗಳಿಗೆ ಬಲ ಸಾಗಿಸುವ ಉದ್ದನೆಯ ಉಕ್ಕಿನ ಕೊಳವೆ, ಆ ಹೊಚ್ಚಹೊಸ ಶಾಫ್ಟು, ನಿನ್ನೆ ಸಂಜೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೂತಿತ್ತು. ಇವತ್ತು ಬೆಳಿಗ್ಗೆ ಜಾಕು ಇಳಿಸಿ ಕಾರನ್ನು ನೆಲಕ್ಕೆ ಬಿಡುತ್ತಲೇ ಒಳಗೆಲ್ಲೋ ಟಕ್ ಎಂದು ತಗುಲಿ ಕಾರಿನ ಹಿಂಭಾಗವನ್ನು ಅರ್ಧದಲ್ಲೇ ತಡೆದು ನಿಲ್ಲಿಸಿತ್ತು. ಕೂರಲು ಹೊರಟವರು ಕುರ್ಚಿ ಸಿಗದೆ ಅರ್ಧ ಬಗ್ಗಿ ನಿಂತ ಹಾಗಿತ್ತು ಅದರ ಭಂಗಿ. ಮೂವತ್ತನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿದ ಕೈ ಅವನದು. ಹನ್ನೆರಡನೆಯ ಮಹಡಿಯಿಂದ ಇಳಿದು ಬರುವ ಪೆಟ್ಟಿಗೆಯನ್ನು ಮುದುಕರ ಕಾಲು ಎಡವದ ಹಾಗೆ ಹೊಸಿಲಿನ ಮಟ್ಟಕ್ಕೆ ತಂದು ನಿಲ್ಲಿಸಿದ ಕೈ. ಅದು ಮುಕ್ಕಾಲು ಇಂಚು ತಪ್ಪುವುದೇ? ಇಲ್ಲ, ಇದು ಶಾಫ್ಟು ಕಡೆದುಕೊಟ್ಟ ಲೇತಿನವನ ಕೆಲಸ. ಆ ಮುದುಕನಿಗೆ ಕಣ್ಣು ಮಂಜಾಗಿದೆ, ಕೊಟ್ಟ ಅಳತೆಗೆ ಕತ್ತರಿಸದೆ ತನ್ನ ಅಂದಾಜಿಗೆ ಕತ್ತರಿಸಿದ್ದಾನೆ. ಹಾಗೆಂದುಕೊಂಡ ಕ್ಷಣಕ್ಕೆ ಅವನ ಬೆನ್ನಡಿಯ ಸಿಮೆಂಟು ನೆಲ ಕೂಡ ಸ್ವಲ್ಪ ಮೆತ್ತಗಾಯಿತು. ತಪ್ಪು ಬೇರೆಯವರದು ಎಂದು ಗೊತ್ತಾದಾಗ ಆಗುವ ಈ ಸುಖ ಅವನಿಗೆ ಹಳೆಯ ಪರಿಚಯ. ಅದು ಹಳೆಯದು ಎನ್ನುವುದೇ ಅವನಿಗೆ ಇಷ್ಟವಾಗಲಿಲ್ಲ.

"ಏನೋ ಗುಂಡ, ಇವತ್ತು ಏಳುತ್ತೋ ಇಲ್ವೋ ಇದು?" ಶೆಡ್ಡಿನ ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಕ್ಕ ಕೇಳಿದಳು. ಅವನು ಹುಟ್ಟಿದಾಗ ಗುಂಡಗಿದ್ದನಂತೆ. ಅರವತ್ತೊಂದರ ಈ ಬಡಕಲು ಮೈಯಲ್ಲಿ ಗುಂಡಗೆ ಉಳಿದಿರುವುದು ಮಂಡಿಚಿಪ್ಪು ಮಾತ್ರ. ಹೆಸರು ಮಾತ್ರ ಬಿಟ್ಟಿಲ್ಲ.

"ಏಳುತ್ತೆ ಅಕ್ಕ. ಲೇತಿನವನು ಶಾಫ್ಟು ಉದ್ದ ಮಾಡಿಬಿಟ್ಟಿದ್ದಾನೆ. ಕತ್ತರಿಸ್ಕೊಂಡು ಬರ್ತೀನಿ."

"ಅವನು ಉದ್ದ ಮಾಡಿದ್ನೋ, ನೀನು ಉದ್ದ ಹೇಳಿದ್ಯೋ?"

ಅವನು ಟೇಪು ಸುತ್ತಿ ಜೇಬಿಗೆ ಹಾಕಿದ. ಕಾರಿನ ಅಡಿಯಿಂದ ಅವನಿಗೆ ಅವಳ ಎರಡು ಪಾದ ಮಾತ್ರ ಕಾಣುತ್ತಿದ್ದವು. ಬಲಪಾದ ಚಪ್ಪಲಿಯೊಳಗೆ ಸುಮ್ಮನಿರದೆ ಕುಣಿಯುತ್ತಿತ್ತು. ಎಡಪಾದವನ್ನು ಯಾರೋ ತಂದು ಅಲ್ಲಿಟ್ಟು ಮರೆತುಹೋದ ಹಾಗಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳ ಬಾಯಿ ಸೊಟ್ಟಗಾಗಿ, ಕೈಯ ಬ್ರಶ್ಶು ಬಿದ್ದು, ಆಸ್ಪತ್ರೆಯಿಂದ ನೇರ ಅವನ ಮನೆಯ ಮುಂದಿನ ಕೋಣೆಗೇ ಅವಳು ಬಂದಿದ್ದಳು. ಬಾಯಿ ಸರಿಹೋಯಿತು (ಸ್ವಲ್ಪ ಜಾಸ್ತಿಯೇ ಸರಿಹೋಯಿತು ಎಂದು ಅವನ ಹೆಂಡತಿಯ ತಮಾಷೆ), ಕೈ ಮುಕ್ಕಾಲು ಪಾಲು ಬಂತು, ಎಡಗಾಲು ಮಾತ್ರ ಬರಲಿಲ್ಲ. ಆ ಎಡಗಾಲು ಸಾಮಾನ್ಯದ್ದಲ್ಲ. ಮೂವತ್ತು ವರ್ಷ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನ ಕ್ಲಚ್ಚಿನ ಮೇಲೆ ಕೂತು, ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ ಕಾಲು ಅದು. ಅವರೆಲ್ಲ ಈಗ ಬೇಕಾದಲ್ಲಿಗೆ ಹೋಗುತ್ತಿದ್ದರು. ಕಲಿಸಿದವಳು ಬಚ್ಚಲಿಗೆ ಹೋಗಬೇಕಾದರೂ ಯಾರದಾದರೂ ತೋಳು ಹಿಡಿಯಬೇಕಿತ್ತು. "ನನ್ನ ಕಾರು ಎಲ್ಲೋ?" ಎಂದು ಅವಳು ಒಂದು ದಿನ ಕೇಳಿದ್ದಳು. ಭಾವ ಎಂದೋ ಕೊಂಡಿದ್ದ ಬೆಣ್ಣೆ ಬಣ್ಣದ ಎರಡು ಬಾಗಿಲಿನ ಕಾರು, ಮಡಚುವ ಕ್ಯಾನ್ವಾಸು ಮಾಡಿನದು, ಭಾವ ತೀರಿಕೊಂಡ ಮೇಲೆ ಆರು ವರ್ಷ ಟಾರ್ಪಾಲಿನಡಿ ಮಲಗಿತ್ತು. "ಅದರ ಎಂಜಿನ್ ಸತ್ತಿದೆ ಅಕ್ಕ. ಬದುಕಿದ್ರೂ ಕ್ಲಚ್ಚು ಒತ್ತೋರು ಯಾರು?" ಎಂದಿದ್ದ. ಅವಳು ಚಾವಣಿ ನೋಡುತ್ತ, "ಈಗಿನ ಗಾಡಿಗಳಲ್ಲಿ ಕ್ಲಚ್ಚೇ ಇಲ್ವಂತಲ್ಲ. ಅದರ ಹೊಟ್ಟೆಯೊಳಗಿನದನ್ನ ತಂದು ಇದರ ಹೊಟ್ಟೆಗೆ ಹಾಕೋಕಾಗಲ್ವಾ? ಹನ್ನೆರಡು ಮಹಡಿ ಹತ್ತಿಸೋನಿಗೆ ಇಷ್ಟೂ ಆಗಲ್ವಾ?" ಎಂದಿದ್ದಳು. ಕೇಳಿದ ಧಾಟಿಯಲ್ಲಿ ಬೇಡಿಕೆ ಇರಲಿಲ್ಲ, ಪಾಠ ಒಪ್ಪಿಸು ಎನ್ನುವ ಗತ್ತು ಇತ್ತು. ಆದರೆ ದಿಂಬಿನ ಮೇಲೆ ಹರಡಿದ್ದ ಬಿಳಿಕೂದಲು ನೋಡಿ ಅವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಅಲ್ಲಿಂದ ಹದಿನಾಲ್ಕು ತಿಂಗಳು. ಅಪಘಾತದಲ್ಲಿ ಹಿಂಭಾಗ ಮಾತ್ರ ನುಜ್ಜಾಗಿದ್ದ ಒಂದು ಹೊಸ ವ್ಯಾನಿನಿಂದ ಎಂಜಿನ್ನು, ತಾನೇ ಗೇರು ಬದಲಿಸಿಕೊಳ್ಳುವ ಪೆಟ್ಟಿಗೆ, ಅವೆರಡಕ್ಕೂ ಬುದ್ಧಿ ಹೇಳುವ ಕಂಪ್ಯೂಟರಿನ ಡಬ್ಬಿ, ಎಲ್ಲವೂ ಬಂದವು. ಡಬ್ಬಿಯ ಜೊತೆ ಬಂದ ವೈರುಗಳ ಜಡೆಯನ್ನು ಊಟದ ಮೇಜಿನ ಮೇಲೆ ಹರಡಿ ಒಂದೊಂದಕ್ಕೂ ಚೀಟಿ ಕಟ್ಟಿದ. ಮೂರು ವಾರ ಮನೆಯವರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. "ಬೇರೆಯವರ ಗಂಡಂದಿರು ರಿಟೈರ್ ಆದ್ಮೇಲೆ ಗಿಡ ಬೆಳೆಸ್ತಾರೆ, ನಮ್ಮೋರು ವೈರು ಬೆಳೆಸ್ತಿದ್ದಾರೆ" ಎಂದು ಹೆಂಡತಿ ಅಂದರೂ, ಮೂವತ್ತು ವರ್ಷ ಪರದೆ, ಸೋಫಾ ಗೌಸು ಹೊಲಿದ ಅವಳೇ ಹಳೆಯ ಮಾಡನ್ನು ಬಿಚ್ಚಿ, ಅದನ್ನೇ ಅಚ್ಚಾಗಿಟ್ಟುಕೊಂಡು ಹೊಸ ಕ್ಯಾನ್ವಾಸು ಕತ್ತರಿಸಿದಳು. ಹೊಸ ಪೆಟ್ಟಿಗೆ ಹಳೆಯದಕ್ಕಿಂತ ದಪ್ಪ. ಕಾಲಿಡುವ ಜಾಗದ ನಡುವಿನ ತಗಡಿನ ದಿಬ್ಬವನ್ನು ಕೊಯ್ದು ಎತ್ತರಿಸಬೇಕಾಯಿತು. ಕೊಯ್ಯುವ ಮೊದಲು ಅವನು ಅರ್ಧ ದಿನ ಗರಗಸದ ಯಂತ್ರ ಹಿಡಿದು ಸುಮ್ಮನೆ ಕೂತಿದ್ದ. ಕೊಯ್ದ ಮೇಲೆ ಹಿಂದಕ್ಕಿಲ್ಲ. ಆಮೇಲೆ ಕೊಯ್ದ. ಶೆಡ್ಡಿನ ತೊಲೆಗೆ ಚೈನು ಪುಲ್ಲಿ ಕಟ್ಟಿ ಹಳೆಯ ಎಂಜಿನ್ನನ್ನು ಎತ್ತಿದ ದಿನ ಅಕ್ಕ ನೋಡಲು ಬರಲಿಲ್ಲ, ತಲೆನೋವು ಎಂದು ಒಳಗೇ ಮಲಗಿದ್ದಳು. ಅದೇ ಒಳ್ಳೆಯದಾಯಿತು. ಒಬ್ಬನೇ ಅದರ ಹೊಟ್ಟೆ ಬಿಚ್ಚಿ ಒಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹೊರತೆಗೆದು ಬಟ್ಟೆಯಿಂದ ಒರೆಸಿದಾಗ ಉಕ್ಕಿನ ಮೇಲೆ ಉಗುರಿನಿಂದ ಪರಚಿದ ಹಾಗೆ ಗೀರುಗಳಿದ್ದವು. ಎಂದೋ ಉಜ್ಜಿ ನುಣುಪು ಮಾಡಲು ನೋಡಿದ್ದರೂ ಹೋಗದೆ ಉಳಿದ ಆಳದ ಗೀರುಗಳು. ಎಣ್ಣೆಯಿಲ್ಲದೆ ಓಡಿದ ಗುರುತು. ನಲವತ್ತೆರಡು ವರ್ಷದ ಹಿಂದಿನ ತನ್ನ ಕೈಬರಹವನ್ನು ಅವನು ಓದಿದ. ಓದಿ, ಗೋಣಿಯಲ್ಲಿ ಸುತ್ತಿ, ಗುಜರಿಗೆ ಹಾಕಲು ಲೇತಿನವನಿಗೆ ಕೊಟ್ಟುಬಂದ.

ಅದೇ ಲೇತಿನವನ ಮನೆಗೆ ಈಗ ಶಾಫ್ಟನ್ನು ಹೆಗಲ ಮೇಲಿಟ್ಟುಕೊಂಡು ನಡೆದ. ಎರಡೇ ಬೀದಿ. ಭಾನುವಾರದ ಬೀದಿ, ಅಂಗಡಿಗಳ ಷಟರು ಅರ್ಧ ಎಳೆದಿದ್ದವು. ಬೇಕರಿಯ ಮುಂದೆ ನಿಂತವರು ಹೆಗಲ ಮೇಲಿನ ಕೊಳವೆ ನೋಡಿ ದಾರಿ ಬಿಟ್ಟರು, ಅವನಿಗೆ ಅದೂ ಅವಮಾನದ ಹಾಗೆಯೇ ಕಂಡಿತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಮೊದಲು ಮೆತ್ತಗೆ, 'ಅಣ್ಣಾ, ನಿಮಗೂ ವಯಸ್ಸಾಯ್ತು' ಎನ್ನಬೇಕು. ಆಮೇಲೆ, 'ಮನೇಲಿ ಹುಷಾರಿಲ್ಲದವರು ಕಾಯ್ತಿದ್ದಾರೆ' ಎನ್ನಬೇಕು. ಆಮೇಲೆ ದನಿ ಏರಿಸಬೇಕು. ಏರಿಸುವ ಜಾಗ ಬಂದಾಗ ಅವನ ಮುಖ ನಡೆಯುತ್ತಲೇ ಗಂಟಿಕ್ಕಿತು. ಎದುರು ಬರುತ್ತಿದ್ದ ಹೆಂಗಸು ಬೆದರಿ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು.

ಲೇತಿನ ಅಣ್ಣನಿಗೆ ಎಪ್ಪತ್ತೈದು ದಾಟಿದೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಸೋಫಾ ಇರಬೇಕಾದಲ್ಲಿ ಲೇತು, ಫೋಟೋ ಇರಬೇಕಾದಲ್ಲಿ ಅಳತೆಯ ಉಪಕರಣಗಳು. ಮುದುಕ ಇವನ ಮಾತನ್ನು ಮೆತ್ತಗಿನ ಭಾಗದಿಂದ ದನಿ ಏರಿಸುವ ಭಾಗದವರೆಗೂ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಿ, ಮೊಳೆಗೆ ಚುಚ್ಚಿದ್ದ ಕಾಗದಗಳಲ್ಲಿ ಒಂದನ್ನು ಕಿತ್ತು ಇವನ ಮುಂದೆ ಹಿಡಿದ. ಇವನದೇ ಅಕ್ಷರ. ಟೇಪು ಶಾಫ್ಟಿನ ಮೇಲೆ ಹೋಯಿತು. ಕಾಗದದಲ್ಲಿ ಇದ್ದಷ್ಟೇ ಶಾಫ್ಟಿನಲ್ಲೂ ಇತ್ತು, ಹೆಚ್ಚಿಲ್ಲ ಕಡಿಮೆಯಿಲ್ಲ.

"ಒಂದು ಮಾತು ಹೇಳಿ ಲಿಫ್ಟ್ ಮೇಷ್ಟ್ರೇ. ನೀವು ಅಳೀವಾಗ ಗಾಡಿ ನೆಲದ ಮೇಲೆ ನಿಂತಿತ್ತೋ, ಜಾಕಿನ ಮೇಲೆ ನೇತಾಡ್ತಿತ್ತೋ?"

ಅವನಿಗೆ ಕಿವಿಯ ಬುಡದಿಂದ ಬಿಸಿ ಏರಿತು. ಕಾರು ಜಾಕಿನ ಮೇಲಿತ್ತು, ಹಿಂದಿನ ಗಾಲಿಗಳು ಕೆಳಕ್ಕೆ ಜೋತುಬಿದ್ದಿದ್ದವು. ಜೋತಾಗ ದೂರ ಜಾಸ್ತಿ, ನಿಂತಾಗ ಕಡಿಮೆ. ಮಗುವಿಗೂ ತಿಳಿಯುವ ವಿಷಯ. "ನೇತಾಡ್ತಿತ್ತು" ಎಂದ.

ಮುದುಕ ನಕ್ಕ. ಹಲ್ಲಿಲ್ಲದ, ದೊಡ್ಡ, ದ್ವೇಷವಿಲ್ಲದ ನಗು. "ಪಾಪ, ಜೀವನ ಪೂರ್ತಿ ನೇತಾಡೋ ವಸ್ತುವನ್ನೇ ನೋಡಿದೋರು. ಗಾಡಿ ಅಂದ್ರೆ ನಿಲ್ಲುತ್ತೆ ಮೇಷ್ಟ್ರೇ, ಕಾಲೂರಿ ನಿಲ್ಲುತ್ತೆ. ಕೂತ್ಕೊಳಿ. ಕತ್ತರಿಸಿ, ಬೆಸೆದು, ಅಲುಗದ ಹಾಗೆ ಸರಿದೂಗಿಸಿ ಕೊಡ್ತೀನಿ. ಒಂದೂವರೆ ಗಂಟೆ." ಅಷ್ಟೇ. ಬೈಗುಳವಿಲ್ಲ, ಮುನಿಸಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಆಗಲೇ ಮುದುಕ ಶಾಫ್ಟನ್ನು ಲೇತಿಗೆ ಕಚ್ಚಿಸುತ್ತ ಅನ್ನಬಾರದ್ದನ್ನು ಅಂದ: "ನೀವು ಗುಜರಿಗೆ ಅಂತ ಕೊಟ್ಟ ಕ್ರ್ಯಾಂಕ್ ನೋಡ್ದೆ. ಎಣ್ಣೆ ಇಲ್ದೇ ಓಡಿಸಿ ಕೊಂದಿದ್ದಾರೆ ಯಾರೋ ಪುಣ್ಯಾತ್ಮರು."

"ಹೌದು, ಯಾರೋ" ಎಂದ ಅವನು.

ಲೇತು ತಿರುಗಿತು. ಉಕ್ಕು ಸುರುಳಿ ಸುರುಳಿಯಾಗಿ ಸುಲಿದು ನೆಲಕ್ಕೆ ಬೀಳುತ್ತಿತ್ತು, ನೀಲಿ ಬಣ್ಣಕ್ಕೆ ತಿರುಗಿ, ಹೊಗೆಯಾಡುತ್ತ. ನಲವತ್ತೆರಡು ವರ್ಷದ ಹಿಂದೆ, ಹತ್ತೊಂಬತ್ತರ ಅವನು ಒಂದು ಭಾನುವಾರ ಮಧ್ಯಾಹ್ನ ಭಾವನ ಜೊತೆ ಕಾರಿನಡಿ ಮಲಗಿದ್ದ. ಭಾವನದು ಕನ್ನಡಕದ ಅಂಗಡಿ. ಬೆರಳು ಮೆತ್ತಗೆ, ಮಾತು ಇನ್ನೂ ಮೆತ್ತಗೆ. ಹಳೆ ಎಣ್ಣೆ ಸುರಿದು ಖಾಲಿಯಾದ ಮೇಲೆ ಹೊಸದನ್ನು ತಂದು ಹುಯ್ಯುವುದು ಭಾವನ ಪಾಲು, ತಳದ ಪ್ಲಗ್ಗು ಬಿಗಿ ಮಾಡುವುದು ಅವನ ಪಾಲು. "ಪಾನಾ ಹಾಕಿ ಬಿಗಿ ಮಾಡಪ್ಪ" ಎಂದು ಭಾವ ಅಂದಿದ್ದ. ಬೆರಳಲ್ಲೇ ತಿರುಗಿಸಿ ಆಯಿತು ಎಂದಿದ್ದ ಅವನು. ಪಾನಾ ಇದ್ದದ್ದು ಮಾರುದೂರದಲ್ಲಿ, ಎದ್ದು ಹೋಗಲು ಸೋಮಾರಿತನ, ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ದೊಡ್ಡ ಕಾರಣವಿದ್ದಿದ್ದರೆ ಎಷ್ಟೋ ಸಲೀಸಿತ್ತು. ಅಕ್ಕ, ಭಾವ ಊಟ ಮಾಡಿ ಮಲಗಿದಾಗ ಕೀಲಿ ಎತ್ತಿಕೊಂಡು, ಮಾಡು ಮಡಚಿ, ಕಾರು ತೆಗೆದುಕೊಂಡು ಹೋದ. ಆ ಗಾಳಿ! ಮುಖಕ್ಕೆ, ಅಂಗಿಯೊಳಕ್ಕೆ, ಬಾಯೊಳಕ್ಕೆ ನುಗ್ಗಿದ ಗಾಳಿ. ಪಾಪದ ನೆನಪಿನಲ್ಲೂ ಆ ಗಾಳಿಯ ರುಚಿ ಹೋಗಿಲ್ಲ ಎನ್ನುವುದು ಅವನಿಗೆ ಈಗಲೂ ನಾಚಿಕೆ. ಆಮೇಲೆ ಎಂಜಿನ್ನಿನಿಂದ ಕಟಕಟ. ನಿಲ್ಲಿಸಿ ಬಗ್ಗಿ ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಕರಿ ಗೆರೆ. ಅರ್ಧ ಮೈಲಿ ಹಿಂದಕ್ಕೆ ನಡೆದು ಧೂಳಿನಲ್ಲಿ ಪ್ಲಗ್ಗು ಹುಡುಕಿ ತಂದು ಹಾಕಿದ, ಪೆಟ್ರೋಲು ಬಂಕಿನಲ್ಲಿ ಒಂದು ಡಬ್ಬಿ ಎಣ್ಣೆ ಕೊಂಡು ಹುಯ್ದ, ನಡೆದಷ್ಟೇ ನಿಧಾನವಾಗಿ ಮನೆಗೆ ತಂದು ನಿಲ್ಲಿಸಿದ. ಅವರಿಬ್ಬರೂ ಇನ್ನೂ ಎದ್ದಿರಲಿಲ್ಲ. ಎರಡು ದಿನ ಕಾರು ಏನೂ ಅನ್ನಲಿಲ್ಲ. ಮಂಗಳವಾರ ಸಂಜೆ ಅಕ್ಕ ಓಡಿಸಿಕೊಂಡು ಬರುವಾಗ ಎಂಜಿನ್ನು ಹೊಡೆದುಕೊಳ್ಳಲು ಶುರುವಿಟ್ಟಿತು. ಭಾವ ಬಾನೆಟ್ಟು ಎತ್ತಿ, ಸುಮಾರು ಹೊತ್ತು ನೋಡಿ, "ಎಣ್ಣೆ ಹುಯ್ಯೋವಾಗ ನಾನೇ ಲೆಕ್ಕ ತಪ್ಪಿದ್ದೀನಿ" ಎಂದ. ರಿಪೇರಿಯಾಯಿತು, ಓಡಿತು, ಆದರೆ ಮತ್ತೆಂದೂ ಮೊದಲಿನ ಹಾಗೆ ಓಡಲಿಲ್ಲ. ಪ್ರತಿ ಏರಿನಲ್ಲೂ ಅದು ಏದುಸಿರು ಬಿಟ್ಟಾಗ ಭಾವ ಅದರ ಡ್ಯಾಶ್‌ಬೋರ್ಡು ತಟ್ಟಿ, "ತಪ್ಪಾಯ್ತು ಕಣಮ್ಮ" ಅನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನು ಕಿಟಕಿಯಾಚೆ ನೋಡುತ್ತಿದ್ದ.

"ತಗೊಳಿ ಮೇಷ್ಟ್ರೇ." ಶಾಫ್ಟು ಬೆಚ್ಚಗಿತ್ತು. ಹೆಗಲಿಗೆ ಏರಿಸಿಕೊಂಡು ಹೊಸಿಲು ದಾಟಿದವನು ನಿಂತ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀದಿ. "ಅಣ್ಣಾ" ಎಂದ, ತಿರುಗದೆಯೇ. "ಆ ಪುಣ್ಯಾತ್ಮ ನಾನೇ."

"ಗೊತ್ತಿಲ್ವಾ ಮತ್ತೆ?" ಒಳಗಿನಿಂದ ಬಂದದ್ದು ಅಷ್ಟೇ. "ಯಾರೋ ಅಂತ ಅಷ್ಟು ಬೇಗ ಒಪ್ಪೋರು ಬೇರೆ ಯಾರು ಇರ್ತಾರೆ? ಹುಷಾರಾಗಿ ಹೋಗಿ, ಬಾಗಿಲಿಗೆ ತಗುಲೀತು."

ಬೀದಿಗೆ ಇಳಿದಾಗ ಅವನಿಗೆ ವಿಚಿತ್ರವೆನಿಸಿತು: ಹೆಗಲ ಮೇಲಿನ ಭಾರ ಬರುವಾಗಿನಷ್ಟೇ ಇದ್ದರೂ ಕಾಲು ತಾನಾಗಿ ಬೀಸಾಗಿ ಬೀಳುತ್ತಿತ್ತು. ಬೆಳಗಿನಿಂದ ಎರಡು ತಪ್ಪು ಒಪ್ಪಿಕೊಂಡಿದ್ದಾನೆ; ಆಕಾಶ ಕಳಚಿ ಬೀಳಲಿಲ್ಲ. ಒಬ್ಬ ಮುದುಕ ನಕ್ಕ, ಅಷ್ಟೇ. ಮೂರನೆಯದನ್ನು ಒಪ್ಪಿಸಬೇಕಾದ ಜಾಗ ಎರಡು ಬೀದಿಯಾಚೆ ಬೆತ್ತದ ಕುರ್ಚಿಯಲ್ಲಿ ಕೂತಿತ್ತು. ಅಲ್ಲಿ ನಗು ಸಿಗುವ ಖಾತ್ರಿ ಇರಲಿಲ್ಲ.

ಈ ಸಲ ಶಾಫ್ಟು ಕಾರು ನೆಲದ ಮೇಲೆ ನಿಂತಿರುವಾಗಲೂ ಕೂತಿತು. ಬೋಲ್ಟುಗಳನ್ನು ಪಾನಾ ಹಾಕಿಯೇ ಬಿಗಿ ಮಾಡಿದ, ಒಂದೊಂದನ್ನೂ ಎರಡೆರಡು ಸಲ. ಹೆಂಡತಿ ಟಾರ್ಚು ಹಿಡಿದು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. "ಮದುವೆಯಾಗಿ ಮೂವತ್ತು ವರ್ಷಕ್ಕೆ ನಿಮ್ಮ ಮುಖಕ್ಕೆ ಬೆಳಕು ಬಿಡೋ ಭಾಗ್ಯ ಬಂತು ನೋಡಿ" ಎಂದಳು. ಎಣ್ಣೆ ಹುಯ್ದ, ನೀರು ತುಂಬಿಸಿದ, ಬ್ಯಾಟರಿ ಜೋಡಿಸಿದ. ಅಕ್ಕನನ್ನು ಇಬ್ಬರೂ ಎರಡು ಕಡೆ ಹಿಡಿದು ಸ್ಟಿಯರಿಂಗಿನ ಹಿಂದೆ ಕೂರಿಸಿದರು. ಮೊದಲ ಸಲ ಅವನೇ ಕೀಲಿ ತಿರುಗಿಸಬೇಕೆಂದಿದ್ದ, ಹದಿನಾಲ್ಕು ತಿಂಗಳು ಕನಸು ಕಂಡದ್ದು ಅದನ್ನೇ. ಅಕ್ಕ ಕೈ ಚಾಚಿದಾಗ ಕೀಲಿಯನ್ನು ಅವಳಿಗೇ ಕೊಟ್ಟ. ಅವಳು ತಿರುಗಿಸಿದಳು. ಎಂಜಿನ್ನು ಒಂದು ಸಲ ಗಂಟಲು ಸರಿಮಾಡಿಕೊಂಡಿತು, ಇನ್ನೊಂದು ಸಲ, ಆಮೇಲೆ ಸುಮ್ಮನಾಯಿತು.

"ಕೆಟ್ಟೋಯ್ತಾ?" ಎಂದಳು ಅಕ್ಕ, ಮುಖ ಚಿಕ್ಕದು ಮಾಡಿಕೊಂಡು.

"ಇಲ್ಲ ಅಕ್ಕ. ಓಡ್ತಿದೆ."

"ಎಲ್ಲೋ ಓಡ್ತಿದೆ? ಸದ್ದೇ ಇಲ್ಲ."

ಅವನು ಅವಳ ಕೈ ಹಿಡಿದು ಸ್ಟಿಯರಿಂಗಿನ ಮೇಲೆ ಒತ್ತಿ ಇಟ್ಟ. ಅಂಗೈಯಡಿ, ನಿದ್ದೆಯಲ್ಲಿರುವ ಪ್ರಾಣಿಯ ಮೈಯ ಹಾಗೆ, ಸಣ್ಣದೊಂದು ಮಿಡಿತ. ಅಕ್ಕ ಕಣ್ಣು ದೊಡ್ಡದು ಮಾಡಿದಳು. "ಅಯ್ಯೋ! ಇದೇನೋ, ಉಸಿರು ಬಿಡೋಕೂ ನಾಚ್ಕೊಳುತ್ತೆ!" ಹೆಂಡತಿ ಟಾರ್ಚು ಹಿಡಿದ ಕೈಯಲ್ಲೇ ಚಪ್ಪಾಳೆ ಹೊಡೆದಳು, ಟಾರ್ಚು ಹಾರಿ ಬಿತ್ತು. ಅವನು ಬಾನೆಟ್ಟಿನ ಮುಂದೆ ಹೋಗಿ ನಿಂತ. ಇಷ್ಟೊಂದು ವೈರು, ಇಷ್ಟೊಂದು ಬೋಲ್ಟು, ಯಾವುದೂ ಯಾವುದಕ್ಕೂ ಜಗಳವಾಡದೆ ಒಟ್ಟಿಗೆ ಬಾಳುತ್ತಿತ್ತು. ಅತ್ತರೆ ಹೆಂಡತಿ ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆಂದು ಬಗ್ಗಿ ರೇಡಿಯೇಟರಿನ ಮುಚ್ಚಳ ನೋಡುವ ಹಾಗೆ ಮಾಡಿದ.

"ಅವರಿದ್ದಿದ್ರೆ," ಎಂದಳು ಅಕ್ಕ, "ಎಣ್ಣೆ ಸರಿಯಾಗಿದ್ಯಾ ಅಂತ ಹತ್ತು ಸಲ ಕೇಳ್ತಿದ್ರು. ಪಾಪ, ಆ ಒಂದು ಸಲ ಲೆಕ್ಕ ತಪ್ಪಿದ್ದಕ್ಕೆ..."

"ಭಾವ ತಪ್ಪಲಿಲ್ಲ ಅಕ್ಕ." ಮಾತು ಅವನಿಗಿಂತ ಮೊದಲೇ ಹೊರಬಿದ್ದಿತ್ತು. ಅವನು ಇನ್ನೂ ಬಗ್ಗಿಯೇ ಇದ್ದ, ರೇಡಿಯೇಟರಿಗೇ ಹೇಳುವವನ ಹಾಗೆ ಹೇಳಿದ. ಪ್ಲಗ್ಗು, ಬೆರಳು, ಮಾರುದೂರದ ಪಾನಾ, ಕೀಲಿ, ಕರಿ ಗೆರೆ, ಎಲ್ಲ. ಗಾಳಿ ಚೆನ್ನಾಗಿತ್ತು ಎನ್ನುವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಲೆಯೆತ್ತಿದಾಗ ಹೆಂಡತಿ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದಳು. ಅಕ್ಕ ಮುಂಗಾಜಿನಾಚೆ ಎಲ್ಲೋ ನೋಡುತ್ತಿದ್ದಳು. ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿದಳು.

"ಯಾವತ್ತು ನೀನು ತಗೊಂಡು ಹೋಗಿದ್ದು?"

"ಭಾನುವಾರ."

"ನಾನು ಕಲ್ಲಿಗೆ ಹೊಡೆದಿದ್ದು ಮಂಗಳವಾರ."

ಅವನಿಗೆ ಅರ್ಥವಾಗಲಿಲ್ಲ. "ಯಾವ ಕಲ್ಲು?"

"ಶಾಲೆಯಿಂದ ವಾಪಸು ಬರೋವಾಗ ದೊಡ್ಡ ಕಲ್ಲೊಂದರ ಮೇಲೆ ಹತ್ತಿಸಿಬಿಟ್ಟೆ ಕಣೋ. ತಳಕ್ಕೆ ದಡ್ ಅಂತ ಹೊಡೀತು. ಅರ್ಧ ಮೈಲಿಗೆ ಕಟಕಟ ಶುರುವಾಯ್ತು. ಊರಿಗೆಲ್ಲ ಡ್ರೈವಿಂಗ್ ಕಲಿಸೋಳು, ಹಾಡು ಹಗಲು ಕಲ್ಲಿಗೆ ಹೊಡೆದೆ ಅಂತ ಯಾವ ಬಾಯಲ್ಲಿ ಹೇಳಲಿ? ಅವರು ತಮ್ಮದೇ ತಪ್ಪು ಅಂದ್ರು. ನಾನು ಸುಮ್ನಾದೆ." ಅವಳು ಅವನ ಕಡೆ ತಿರುಗಿದಳು. "ನಲವತ್ತೆರಡು ವರ್ಷ ನಾನೇ ಕೊಂದಿದ್ದು ಅಂದ್ಕೊಂಡಿದ್ದೀನಲ್ಲೋ ಗುಂಡ."

ಹೆಂಡತಿ ಬಿದ್ದಿದ್ದ ಟಾರ್ಚನ್ನು ಎತ್ತಿಕೊಂಡಳು. "ಸರಿಹೋಯ್ತು. ತಪ್ಪು ಮಾಡಿದೋರು ಒಬ್ರು, ಮಾಡಿದ್ದೀವಿ ಅಂದ್ಕೊಂಡೋರು ಒಬ್ರು, ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ. ಏನೂ ಮಾಡದ ಆ ದೇವರಂಥ ಮನುಷ್ಯ ಸಾಯೋವರೆಗೂ ಕಾರಿಗೆ ಕ್ಷಮೆ ಕೇಳ್ಕೊಂಡು ಓಡಾಡಿದ್ರು."

ಅವನು ತಲೆ ತಗ್ಗಿಸಿದ. ಭಾವನ ಮೆತ್ತಗಿನ ಕೈ ಕಾರಿನ ಡ್ಯಾಶ್‌ಬೋರ್ಡು ತಟ್ಟುವುದು ಕಣ್ಣ ಮುಂದೆ ಬಂತು. ಇದಕ್ಕೆ ಈಗ ಏನೂ ಮಾಡುವ ಹಾಗಿಲ್ಲ, ಎಷ್ಟು ಒಳ್ಳೆಯ ಎಂಜಿನ್ನು ತಂದು ಕೂರಿಸಿದರೂ ಇಲ್ಲ. ಅಕ್ಕನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅವನು ಬಾಗಿಲ ಹತ್ತಿರ ಓಡಿದ. ಅವಳು ಅಳುತ್ತಿದ್ದಳು, ಹೌದು; ಆದರೆ ಅದರೊಳಗಿಂದ ಇನ್ನೊಂದು ಏನೋ ಉಕ್ಕಿ ಬರುತ್ತಿತ್ತು, ತಡೆಯಲಾಗದೆ ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿದಳು. "ಎಷ್ಟು ಜಗಳ ಕಣೋ!" ಎಂದಳು ನಗುವಿನ ನಡುವೆ ಉಸಿರು ಹುಡುಕುತ್ತ. "ಎಷ್ಟು ಜಗಳ ಸೋತು ಕೊಟ್ಟೆ ಅವರಿಗೆ! ಗೋಡೆಗೆ ಹಸಿರು ಬಣ್ಣ ಹೊಡೆಸಿದಾಗ ಬಾಯಿ ಮುಚ್ಕೊಂಡಿದ್ದೆ. ಅವರ ತಂಗಿ ಮೂರು ತಿಂಗಳು ಬಂದು ಕೂತಾಗ ಬಾಯಿ ಮುಚ್ಕೊಂಡಿದ್ದೆ. ಪಾಪ, ಅವರ ಎಂಜಿನ್ ಕೊಂದೋಳು ನಾನು, ಹೋಗಲಿ ಬಿಡು, ಅಂತ. ಎಲ್ಲ ಗೆಲ್ಲಬಹುದಾಗಿದ್ದ ಜಗಳ!" ಹೆಂಡತಿಯೂ ನಗಲು ಶುರುಮಾಡಿದಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಬಾ ಇಲ್ಲಿ" ಎಂದಳು ಅಕ್ಕ. ಬಗ್ಗಿದ. ಅವಳು ಅವನ ಕಿವಿ ಹಿಡಿದು ಹಿಂಡಿದಳು. ಮುಕ್ಕಾಲು ಪಾಲು ಮಾತ್ರ ವಾಪಸು ಬಂದಿದ್ದ ಎಡಗೈಯಿಂದ, ಆದರೆ ಪೂರ್ತಿ ನೋಯುವ ಹಾಗೆ. ಅರವತ್ತೊಂದರ ಕಿವಿ ಕೆಂಪಾಯಿತು. "ಇದು ಅವರದ್ದು. ಅವರು ಹಿಂಡ್ತಿರಲಿಲ್ಲ, ಅದಕ್ಕೆ ನಾನು ಹಿಂಡಿದ್ದು. ಹತ್ತು, ಬೆಲ್ಟ್ ಹಾಕ್ಕೊ."

ಮಾಡು ಮಡಚಿತ್ತು. ಗೇಟಿನಿಂದ ಹೊರಬರುವಾಗ ಅವನು ತನಗೆ ತಿಳಿಯದೆ ಸ್ಟಿಯರಿಂಗಿಗೆ ಕೈ ಚಾಚಿದ, ಪಟ್ ಎಂದು ಅದರ ಮೇಲೆ ಏಟು ಬಿತ್ತು. "ಶಿಷ್ಯರು ಕೈ ಮಡಿಲಲ್ಲಿಟ್ಕೊಬೇಕು." ಹೋದ ತಿಂಗಳು ಅವಳು ಕ್ಲಚ್ಚಿಲ್ಲದ ಗಾಡಿ ಓಡಿಸಲು ಹೊಸ ಲೈಸೆನ್ಸಿಗೆ ಹೋದಾಗ ಪರೀಕ್ಷೆ ಮಾಡಿದ ಅಧಿಕಾರಿಯೇ ಅವಳ ಹಳೆಯ ಶಿಷ್ಯ, ಅವತ್ತು ಬೆವರಿದ್ದು ಅವನಂತೆ. ಮೊದಲ ತಿರುವಿನಲ್ಲಿ ಅವಳ ಎಡ ತೊಡೆ ಅಭ್ಯಾಸಬಲದಿಂದ ಬಿಗಿಯಿತು, ಇಲ್ಲದ ಪೆಡಲನ್ನು ಹುಡುಕಿ ಚಡಪಡಿಸಿತು. ಅವಳು ಅದರ ಕಡೆ ನೋಡದೆ, ಗದರದೆ, ಹೊಸದಾಗಿ ಕಲಿಯಲು ಬಂದವರಿಗೆ ಹೇಳುವ ಸಮಾಧಾನದಲ್ಲಿ ಅಂದಳು: "ನಿನಗೆ ರಜಾ ಕಣೇ. ಸುಮ್ನೆ ಕೂತ್ಕೊ, ಊರು ನೋಡು." ಎಂಜಿನ್ನು ಎರಡನೆಯ ಗೇರಿಗೆ ಹೋಯಿತು, ಮೂರಕ್ಕೆ ಹೋಯಿತು, ಕಿವಿಗೊಟ್ಟು ಕೇಳಿದರಷ್ಟೇ ಗೊತ್ತಾಗುವ ಹಾಗೆ. ಮರಗಳು ಮೇಲಿನಿಂದ ಹಾದುಹೋದವು. ಎಲೆಗಳ ತಳಭಾಗ ಇಷ್ಟು ತಿಳಿಹಸಿರೆಂದು ಅವನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಬಾಲ್ಕನಿಯೊಂದರಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದವರು ಬಟ್ಟೆ ಕೈಯಲ್ಲೇ ಹಿಡಿದು ನೋಡಿದರು. ಅಕ್ಕ ಯಾರನ್ನೂ ನೋಡಲಿಲ್ಲ. ಕನ್ನಡಿ, ರಸ್ತೆ, ಕನ್ನಡಿ. ಊರಿನ ಕೊನೆಯ ನಾಲ್ಕು ರಸ್ತೆ ಕೂಡುವಲ್ಲಿ ಕಾರನ್ನು ಬದಿಗೆ ತಂದು ನಿಲ್ಲಿಸಿದಳು.

"ಇಳಿ."

"ಏನಾಯ್ತು ಅಕ್ಕ? ಏನಾದ್ರೂ ಸದ್ದು ಬಂತಾ?"

"ಏನೂ ಆಗಿಲ್ಲ. ಎರಡು ವರ್ಷದಿಂದ ಯಾರಾದ್ರೂ ಪಕ್ಕದಲ್ಲಿ ಇದ್ದೇ ಇದ್ದೀರ. ಬಚ್ಚಲಿಗೆ ಹೋದ್ರೂ ಬಾಗಿಲಾಚೆ ಒಬ್ರು ನಿಂತು ಅಕ್ಕ ಆಯ್ತಾ, ಅಕ್ಕ ಆಯ್ತಾ ಅಂತೀರ." ಸಿಟ್ಟಿರಲಿಲ್ಲ ದನಿಯಲ್ಲಿ. "ನಾನೊಬ್ಬಳೇ ಒಂದು ಸುತ್ತು ಹೋಗಿ ಬರ್ತೀನಿ. ಇಳಿಯೋ."

ಅವನು ಇಳಿದ. ಬಾಗಿಲು ಮೆತ್ತಗೆ ಹಾಕಿದ. ಕಾರು ಎಡಕ್ಕೆ ಹೊರಟು, ಮರಗಳ ನೆರಳಲ್ಲಿ ಬೆಣ್ಣೆಯ ಒಂದು ಚೂರಾಗಿ, ಆಮೇಲೆ ಇಲ್ಲವಾಯಿತು. ಊರು ಸುತ್ತಿ ಅದೇ ಕೂಡುರಸ್ತೆಗೆ ಬರಲು ಏಳು ನಿಮಿಷ ಸಾಕು. ಒಂಬತ್ತಾಯಿತು. ಅವನ ತಲೆಯಲ್ಲಿ ಬೋಲ್ಟುಗಳು ಒಂದೊಂದಾಗಿ ಸಡಿಲಗೊಂಡವು, ಕಂಪ್ಯೂಟರಿನ ಡಬ್ಬಿ ಬುದ್ಧಿ ಕೆಟ್ಟಿತು, ಅಕ್ಕನ ಬಾಯಿ ಮತ್ತೆ ಸೊಟ್ಟಗಾಯಿತು. ಹೆಂಡತಿ ಮನೆಯಿಂದ ಬಿರಬಿರನೆ ನಡೆದು ಬಂದು, ಖಾಲಿ ರಸ್ತೆಯನ್ನೂ ಅವನನ್ನೂ ನೋಡಿ, ಕೇಳಬೇಕಾದ್ದನ್ನು ಕೇಳದೆ ಪಕ್ಕದಲ್ಲಿ ನಿಂತಳು. ಹನ್ನೆರಡನೆಯ ನಿಮಿಷಕ್ಕೆ ಕಾರು ಬಂತು. ಅಕ್ಕನ ಕೂದಲು ಬಿಚ್ಚಿ ಹಾರುತ್ತಿತ್ತು, ಬಾಯಿ ಅಲುಗುತ್ತಿತ್ತು; ಹಾಡುತ್ತಿದ್ದಳೋ, ಯಾರನ್ನೋ ಬೈಯುತ್ತಿದ್ದಳೋ, ಬಾಕಿ ಉಳಿದ ಯಾವುದೋ ಜಗಳವನ್ನು ಗೆಲ್ಲುತ್ತಿದ್ದಳೋ ದೂರಕ್ಕೆ ತಿಳಿಯಲಿಲ್ಲ. ಅವನು ಕೈಯೆತ್ತಿದ. ಅವಳು ನಿಧಾನ ಮಾಡಿ, "ರಸ್ತೆ ಮೇಲೆ ನಿಲ್ಲಬೇಡ್ರೋ, ಗಾಡಿ ಓಡಾಡೋ ಜಾಗ!" ಎಂದು ಗದರಿ, ನಿಲ್ಲಿಸದೆ ಮುಂದಕ್ಕೆ ಹೋದಳು. ಮನೆಗೆ ಹೋಗಬೇಕಾದರೆ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಬೇಕು. ಬಲಕ್ಕೆ ಹೋದರೆ ಹೆದ್ದಾರಿ. ಅಲ್ಲಿ ಅವಳು ಪಾಠದಲ್ಲಿ ಹೇಳಿಕೊಡುವ ಹಾಗೆ ಪೂರ್ತಿ ನಿಂತಳು, ಕನ್ನಡಿ ನೋಡಿದಳು, ಎರಡೂ ಕಡೆ ನೋಡಿದಳು, ಬಲಗಡೆಯ ದೀಪ ಮಿಣುಕಿಸಿದಳು.